ಕಡಲಿನ ಪಾಠ ತುಂಗೆಯ ದಡದಲ್ಲೇ ಶುರುವಾಗಲಿ

ಕಡಲಿನ ಬಗೆಗಿನ ಟಿವಿ ಕಾರ್ಯಕ್ರಮಗಳ ನಿರೂಪಕ ಫಿಲಿಪ್ ಕೂಸ್ಟೋ ಜೂನಿಯರ್ ಅವರ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಅವರ ಅಜ್ಜ. 1943ರಲ್ಲಿ ಎಂಜಿನಿಯರ್ ಎಮಿಲ್ ಗಾನ್ಯಾನ್ ಜೊತೆ ಸೇರಿ, ನೀರಿನೊಳಗೆ ಉಸಿರಾಡಲು ನೆರವಾಗುವ ಆಕ್ವಾಲಂಗ್ ರೂಪಿಸಿದ ಝಾಕ್ ಕೂಸ್ಟೋ, ಮುಂದೆ ಕಡಲೊಳಗಿನ ಲೋಕವನ್ನೇ ಟಿವಿಗೆ ತಂದರು. 1979ರಲ್ಲಿ ಪೋರ್ಚುಗಲ್‌ನ ಟೇಗಸ್ ನದಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ತಂದೆ ತೀರಿಕೊಂಡಾಗ ಈ ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ. ಅಂಥ ಮನೆತನದವರು ಟಿವಿ ನಿರೂಪಕರಾದದ್ದರಲ್ಲಿ ಅಚ್ಚರಿಯೇನಿಲ್ಲ.

ನಾನು ಹೆಚ್ಚು ಗೌರವಿಸುವುದು ಅವರು ತಾಯಿ ಮತ್ತು ಅಕ್ಕನೊಡನೆ ಕಟ್ಟಿದ ಅರ್ಥ್‌ಎಕೋ ಸಂಸ್ಥೆಯ ಕೆಲಸವನ್ನು. ಪರದೆಯ ಮೇಲಿನ ಶಾರ್ಕ್ ಎಷ್ಟೇ ಚೆಂದವಿದ್ದರೂ ನೋಡಿದವರು ‘ಆಹಾ’ ಎಂದು ಊಟಕ್ಕೆ ಏಳುತ್ತಾರೆ. ಆದರೆ ಆ ಸಂಸ್ಥೆಯ ಕಾರ್ಯಕ್ರಮದಲ್ಲಿ ತಮ್ಮೂರಿನ ಹೊಳೆಯ ಉಷ್ಣತೆ, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಕದಡು, ಕರಗಿದ ಆಮ್ಲಜನಕ ಇವನ್ನು ಸರಳ ಕಿಟ್‌ನಿಂದ ಅಳೆದು ದಾಖಲಿಸುವ ಶಾಲಾಮಕ್ಕಳು, ಆಮ್ಲಜನಕ ಕುಸಿದದ್ದೇಕೆಂದು ಹುಡುಕುತ್ತಾ ದಡದುದ್ದಕ್ಕೂ ನಡೆದು ಚರಂಡಿಯ ಬಾಯಿಗೆ ತಲುಪುತ್ತಾರೆ.

ಕಡಲು ನಮಗೆ ದೂರದ್ದೆಂದು ಮಲೆನಾಡಿನವರು ಹೇಳುವಂತಿಲ್ಲ. ತೀರ್ಥಹಳ್ಳಿಯನ್ನು ಹಾದು ಬರುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲಿಗೆ ಪಾಲಾಗುತ್ತದೆ.

ಪಿಎಚ್ ಎಂದರೆ ನಮ್ಮ ಮಕ್ಕಳು ಗಾಬರಿಯಾಗುತ್ತಾರೆಂದು ಮೇಷ್ಟ್ರುಗಳು ಹೇಳಿದರೆ ನಾನು ಒಪ್ಪಲಾರೆ. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೆರೆಸಿದ ಮೇಲೆ, ಹೊಳೆಯುವ ಚಾಕುವೊಂದನ್ನು ಆ ಬೋರ್ಡೋ ದ್ರಾವಣಕ್ಕೆ ಅದ್ದಿ, ಅಲಗಿಗೆ ಕೆಂಪು ಲೇಪ ಹತ್ತಿದರೆ ‘ಸುಣ್ಣ ಸಾಲದು’ ಎನ್ನುವ ಅಪ್ಪಂದಿರನ್ನು ಆ ಮಕ್ಕಳು ಪ್ರತಿ ಮಳೆಗಾಲ ನೋಡಿದ್ದಾರೆ. ಅದೂ ರಸಾಯನಶಾಸ್ತ್ರವೇ. ಪರಿಸರ ದಿನದಂದು ನೆಟ್ಟ ಸಸಿಯ ಜೊತೆ ಫೋಟೋ ತೆಗೆಸುವುದಕ್ಕಿಂತ (ಕಳೆದ ವರ್ಷದ ಗುಂಡಿಯೇ ಈ ವರ್ಷಕ್ಕೂ ಒದಗುವುದುಂಟು) ಹೊಳೆಯ ನೀರನ್ನು ಅಳೆಯುವುದು ಖಂಡಿತ ಮೇಲು.

ಔಷಧಿ ಹೊಡೆಯುವ ಮೊದಲೊಮ್ಮೆ, ಆಮೇಲಿನ ಜೋರು ಮಳೆಗೆ ಇನ್ನೊಮ್ಮೆ ತೋಟದ ಕೆಳಗಿನ ಹಳ್ಳದ ನೀರನ್ನು ಹೈಸ್ಕೂಲು ಮಕ್ಕಳೇ ಪರೀಕ್ಷಿಸಲಿ. ಮೀನಿಗೆ ವಿಷವಾಗಬಲ್ಲ ತಾಮ್ರ ಪಿಎಚ್ ಪಟ್ಟಿಗೆ ಸಿಕ್ಕುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಶಾಲೆಗಳಿಗೆ ಆ ನೆರವು ಕೊಟ್ಟರೆ, ಮೊದಲ ಮಾದರಿಯನ್ನು ಈ ಆಷಾಢದಲ್ಲೇ ಕಳಿಸಬಹುದು.