ಯೂಸರ್ ಬದಲಿಸೋದು ಅಂದ್ರೆ ಬರೀ ರೂಟ್ ಆಗೋದಲ್ಲ

ಲಿನಕ್ಸ್ ಟರ್ಮಿನಲ್‌ನಲ್ಲಿ ಬೇರೆ ಯೂಸರ್ ಆಗುವುದನ್ನು ಕಲಿಸುವಾಗ ಹೆಚ್ಚಿನವರು ತೋರಿಸುವುದು ಒಂದೇ ದಾರಿ, ರೂಟ್ ಆಗುವುದು, ಅಂದರೆ ಎಲ್ಲ ಅಧಿಕಾರವೂ ಇರುವ ಅಕೌಂಟ್‌ಗೆ ಹೋಗುವುದು. ನನಗೆ ಇದು ಸರಿ ಕಾಣುವುದಿಲ್ಲ. ದಿನನಿತ್ಯದ ಕೆಲಸದಲ್ಲಿ, ನಮಗಿಂತ ಕಡಿಮೆ ಅಧಿಕಾರ ಇರುವ ಅಕೌಂಟ್‌ಗೆ ಇಳಿಯುವುದೇ ಜಾಸ್ತಿ ಉಪಯೋಗ.

ವೆಬ್‌ಸೈಟ್‌ನಲ್ಲಿ ಫೋಟೊ ಅಪ್‌ಲೋಡ್ ಆಗುತ್ತಿಲ್ಲ ಅಂದುಕೊಳ್ಳಿ. ರೂಟ್ ಆಗಿ ಹೋಗಿ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಇರಲೇಬೇಕು, ರೂಟ್‌ಗೆ ಫೈಲ್ ಪರ್ಮಿಷನ್ ಸಾಮಾನ್ಯವಾಗಿ ಅಡ್ಡ ಬರುವುದೇ ಇಲ್ಲ. ಆಮೇಲೆ ಸಿಟ್ಟಿನಲ್ಲಿ ಇಡೀ ಫೋಲ್ಡರ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಷನ್, ಕೊಟ್ಟುಬಿಡುತ್ತಾರೆ. ಸಮಸ್ಯೆ ಹೋಯಿತು, ಆದರೆ ಆ ಮೆಷಿನ್‌ನ ಯಾವ ಯೂಸರ್ ಬೇಕಾದರೂ ಅಲ್ಲಿ ಬರೆಯಬಹುದು! ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ವೆಬ್ ಸರ್ವರ್ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಅನ್ನುವ ಯೂಸರ್ ಹೆಸರಿನಲ್ಲಿ. ಸುಡೊ ಅಂದರೆ ಬೇರೆ ಯೂಸರ್ ಹೆಸರಿನಲ್ಲಿ ಕಮಾಂಡ್ ಓಡಿಸುವ ಸಾಧನ. ‘ಸುಡೊ ಹೈಫನ್ ಯು’ ಹಾಕಿ, ಆ ಯೂಸರ್ ಹೆಸರು ಕೊಟ್ಟು, ಆ ಫೋಲ್ಡರ್‌ನಲ್ಲಿ ಒಂದು ಖಾಲಿ ಫೈಲ್ ಮಾಡಿ ನೋಡಿ. ಪರ್ಮಿಷನ್ ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದೇ ಕೆಲಸಕ್ಕೆ ಯೂಸರ್ ಬದಲಿಸುವ ಕಮಾಂಡ್ ‘ಎಸ್‌ಯು’ ಬಳಸಿದರೆ, ರೂಟ್ ಆಗಿದ್ದರೂ ಅಕೌಂಟ್ ಲಭ್ಯವಿಲ್ಲ ಅಂತ ವಾಪಸ್ ಕಳಿಸುತ್ತದೆ. ಅಂಥ ಯೂಸರ್‌ಗೆ ಲಾಗಿನ್ ಶೆಲ್ಲೇ, ಅಂದರೆ ಲಾಗಿನ್ ಆದಾಗ ಕಮಾಂಡ್ ತೆಗೆದುಕೊಳ್ಳುವ ಪ್ರೋಗ್ರಾಮೇ, ಇರುವುದಿಲ್ಲ. ಸುಡೊ ಕಮಾಂಡನ್ನು ನೇರವಾಗಿ ಓಡಿಸುವುದರಿಂದ ಅದಕ್ಕೆ ಆ ಶೆಲ್ ಬೇಕಾಗಿಲ್ಲ.

ಎಸ್‌ಯು ತುಂಬ ಹಳೆಯದು, 1971ರ ಮೊದಲ ಯುನಿಕ್ಸ್‌ನಲ್ಲೇ ಇತ್ತು. ಅದು ಕೇಳುವುದು ನಾವು ಯಾರಾಗಬೇಕೋ ಅವರ ಪಾಸ್‌ವರ್ಡ್. ಹಾಗಾಗಿ ಹತ್ತು ಜನ ಅಡ್ಮಿನ್‌ಗಳಿದ್ದರೆ ಹತ್ತೂ ಜನರಿಗೆ ರೂಟ್ ಪಾಸ್‌ವರ್ಡ್ ಗೊತ್ತಿರಬೇಕು. ಒಬ್ಬರು ಕೆಲಸ ಬಿಟ್ಟರೆ ಎಲ್ಲ ಕಡೆ ಬದಲಿಸಬೇಕು. ಸುಮಾರು 1980ರಲ್ಲಿ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ಸುಡೊ ನಮ್ಮದೇ ಪಾಸ್‌ವರ್ಡ್ ಕೇಳುತ್ತದೆ. ಯಾರು ಯಾವ ಕಮಾಂಡ್ ಹೊಡೆದರು ಅಂತ ಲಾಗ್‌ನಲ್ಲಿ ಬರೆದಿಡುತ್ತದೆ. ಸುಡೊದಲ್ಲೂ ತೂತು ಇತ್ತು, ನಿಜ. 2011ರಿಂದ ಒಳಗೇ ಉಳಿದಿದ್ದ ದೊಡ್ಡ ದೋಷವೊಂದು 2021ರ ಜನವರಿಯಲ್ಲಿ ಬಯಲಾಯಿತು. ಅಪ್‌ಡೇಟ್ ಹಾಕುತ್ತಿರಬೇಕು, ಅಷ್ಟೇ. ಅದಕ್ಕಾಗಿ ಪಾಸ್‌ವರ್ಡ್ ಹಂಚುವ ಕಾಲಕ್ಕೆ ಹಿಂದಿರುಗುವುದು ಬೇಡ.

ಎಸ್‌ಯು ಬಳಸಲೇಬೇಕಾದರೆ ಜೊತೆಗೆ ಹೈಫನ್ ಹಾಕಿ. ಅದಿಲ್ಲದಿದ್ದರೆ ಹಳೆಯ ಯೂಸರ್‌ನ ಪಾತ್, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ, ಹಾಗೆಯೇ ಉಳಿಯಬಹುದು. 2019ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್‌ನ 10ನೇ ಆವೃತ್ತಿ ಬಂದಾಗ, ರೂಟ್ ಆದರೂ ಯೂಸರ್ ಸೇರಿಸುವ ಕಮಾಂಡೇ ಸಿಗುತ್ತಿಲ್ಲ ಅಂತ ಜನ ಪರದಾಡಿದ್ದು ಇದೇ ಕಾರಣಕ್ಕೆ.

ಸರ್ವರ್ ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಡೆವಲಪರ್‌ಗೆ ರೂಟ್ ಕೊಡಬೇಡಿ. ಆ ಆ್ಯಪ್‌ನ ಯೂಸರ್ ಆಗಲು ಮಾತ್ರ ಅನುಮತಿ ಕೊಡಿ. ಯಾರು ಯಾರಾಗಬಹುದು ಅಂತ ಬರೆದಿಡುವ ಸುಡೋಯರ್ಸ್ ಫೈಲ್‌ನಲ್ಲಿ ಒಂದು ಸಾಲು ಸಾಕು. ಆದರೆ ಅದನ್ನು ‘ವಿಸುಡೊ’ ಕಮಾಂಡ್ ಮೂಲಕವೇ ತಿದ್ದಿ, ಬರೆಯುವ ರೀತಿಯಲ್ಲಿ ತಪ್ಪಿದ್ದರೆ ಸೇವ್ ಮಾಡುವ ಮೊದಲೇ ಎಚ್ಚರಿಸುತ್ತದೆ. ಆಮೇಲೆ ಆ ಡೆವಲಪರ್ ‘ಸುಡೊ ಹೈಫನ್ ಎಲ್’ ಹೊಡೆದರೆ, ತಾನು ಯಾರಾಗಬಹುದು, ಏನು ಮಾಡಬಹುದು ಅನ್ನುವುದೆಲ್ಲ ಅಲ್ಲೇ ಕಾಣುತ್ತದೆ.