ನಮ್ಮ ಮಾವಿನಕಾಯಿ ಬುಟ್ಟಾಗೆ ಹೆಸರು ಕೊಟ್ಟ ಊರಿಂದ

ಮೊನ್ನೆ ಒಂದು ಸೀರೆ ಪೇಜಿನ ಲೈವ್ ನೋಡ್ತಾ ಇದ್ದೆ. ಮೈಸೂರು ಕಡೆ ಹುಡುಗಿ, ಮಾತು ತುಂಬಾ ಚೆನ್ನಾಗಿ ಆಡ್ತಾಳೆ, ರೇಷ್ಮೆ ಸೀರೆ ಸೆರಗು ಬಿಚ್ಚಿ ಕ್ಯಾಮೆರಾ ಮುಂದೆ ಹಿಡಿದು "ನೋಡಿ ಮೇಡಂ, ಪಲ್ಲು ಪೂರ್ತಿ ಪೇಸ್ಲಿ ಡಿಸೈನ್ ಬಂದಿದೆ" ಅಂದ್ಲು. ಕಾಮೆಂಟಲ್ಲಿ ಯಾರೋ ಪೇಸ್ಲಿ ಅಂದ್ರೇನಮ್ಮಾ ಅಂತ ಕೇಳಿದ್ರು. "ಅದೇ ಮೇಡಂ, ಮಾವಿನಕಾಯಿ" ಅಂದ್ಲು. ನಾನು ಫೋನ್ ಪಕ್ಕಕ್ಕಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ದೆ, ಯಾಕಂದ್ರೆ ನಾನು ಆ ಲೈವ್ ನೋಡ್ತಾ ಇದ್ದಿದ್ದೇ ಪೇಸ್ಲಿ ಅನ್ನೋ ಊರಲ್ಲಿ.

ಹೌದು, ಅದು ಒಂದು ಊರಿನ ಹೆಸರು. ಸ್ಕಾಟ್ಲೆಂಡಲ್ಲಿದೆ, ಗ್ಲಾಸ್ಗೋ ಸೆಂಟ್ರಲ್ ಸ್ಟೇಷನ್ನಲ್ಲಿ ಟ್ರೈನ್ ಹತ್ತಿದ್ರೆ ಹತ್ತು ಹನ್ನೆರಡು ನಿಮಿಷ. ಗ್ಲಾಸ್ಗೋ ಏರ್‌ಪೋರ್ಟ್ ಅಂತ ಕರೀತಾರಲ್ಲ, ಅದಿರೋದು ನಿಜವಾಗ್ಲೂ ನಮ್ಮೂರ ಪಕ್ಕದಲ್ಲೇ. ಓದೋಕೆ ಅಂತ ಬಂದವಳು ಕೆಲಸ ಸಿಕ್ಕಿ ಇಲ್ಲೇ ಉಳ್ಕೊಂಡೆ. ಊರಿನ ಮಧ್ಯೆ ವೈಟ್ ಕಾರ್ಟ್ ಅನ್ನೋ ನದಿ ಹರಿಯುತ್ತೆ, ದೊಡ್ಡದೇನಲ್ಲ, ಮುಂದೆ ಹೋಗಿ ಕ್ಲೈಡ್ ನದಿ ಸೇರುತ್ತೆ, ಆದ್ರೆ ಹ್ಯಾಮಿಲ್ಸ್ ಅನ್ನೋ ಜಾಗದಲ್ಲಿ ಬಂಡೆ ಮೇಲಿಂದ ಬೀಳುವಾಗ ಅದರ ಸದ್ದು ಕೇಳ್ಬೇಕು ನೀವು, ಮಳೆಗಾಲದ ಕಾವೇರಿ ಬಣ್ಣ ಇರುತ್ತೆ, ಕೆಂಪು ಕಂದು. ದಡದಲ್ಲಿ 1163ರಲ್ಲಿ ಶುರುವಾದ ಮಠ ಇದೆ, ಈಗ್ಲೂ ಚರ್ಚ್ ಆಗಿ ನಡೀತಿದೆ, ಸ್ಕಾಟ್ಲೆಂಡಿನ ಸ್ಟುವರ್ಟ್ ರಾಜರ ವಂಶದ ತೊಟ್ಟಿಲು ಅಂತ ಅದಕ್ಕೆ ಹೆಸರು. ಆ ರಾಜರ ಕಥೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳ್ಬೇಕು ಅನ್ಸೋದು ಆ ಮಠದ ಸುತ್ತಮುತ್ತ ಮಗ್ಗ ಹಾಕ್ಕೊಂಡು ಬದುಕಿದವರ ವಿಷ್ಯ.

ಮಠದಿಂದ ಹೊರಟು ಸುಮ್ನೆ ಬೀದಿ ಬೋರ್ಡ್ ಓದ್ತಾ ನಡೀರಿ. ಸಿಲ್ಕ್ ಸ್ಟ್ರೀಟ್, ಕಾಟನ್ ಸ್ಟ್ರೀಟ್, ಗಾಜ್ ಸ್ಟ್ರೀಟ್, ಶಟಲ್ ಸ್ಟ್ರೀಟ್. ಶಟಲ್ ಸ್ಟ್ರೀಟ್ ಅಂದ್ರೆ ಲಾಳಿ ಬೀದಿ, ಮಗ್ಗದಲ್ಲಿ ಎಳೆ ಹಾಯಿಸೋ ಲಾಳಿ ಇದ್ಯಲ್ಲ, ಅದೇ! ನಮ್ಮಮ್ಮನ ತವರು ದೊಡ್ಡಬಳ್ಳಾಪುರ, ತಾತ ಕೊನೇತನಕ ಮಗ್ಗದ ಗುಂಡಿಲಿ ಕಾಲು ಇಳಿಬಿಟ್ಟು ಕೂತವರು, ಹಂಗಾಗಿ ಮೊದಲನೇ ಸಲ ಆ ಬೋರ್ಡ್ ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಈಗ ಮಾವಿನಕಾಯಿ ಇಲ್ಲಿಗೆ ಹೆಂಗೆ ಬಂತು ಅಂತ ಹೇಳ್ತೀನಿ. ಹದಿನೆಂಟನೇ ಶತಮಾನದ ಕೊನೆ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯವರು ಊರಿಗೆ ವಾಪಸ್ ಹೋಗುವಾಗ ಕಾಶ್ಮೀರದ ಶಾಲು ತಗೊಂಡು ಹೋಗೋರು. ಆ ಶಾಲು ಹೆಂಗೆ ನೇಯ್ತಿದ್ರು ಗೊತ್ತಾ, ಸಣ್ಣ ಸಣ್ಣ ಮರದ ಕಡ್ಡಿಗೆ ಒಂದೊಂದು ಬಣ್ಣದ ದಾರ ಸುತ್ಕೊಂಡು, ಒಂದೊಂದು ಸಾಲನ್ನೂ ಬೆರಳಲ್ಲೇ ಹೆಣೆದು, ಒಂದು ಒಳ್ಳೇ ಶಾಲು ಮುಗಿಯೋಕೆ ವರ್ಷಾನೂ ಆಗೋದು ಅದಕ್ಕಿಂತ ಜಾಸ್ತಿನೂ ಆಗೋದು. ಅದರ ಅಂಚಲ್ಲಿ ತುದಿ ಬಾಗಿದ ಒಂದು ಚಿತ್ರ, ಅದಕ್ಕೆ ಅವರು ಬೂಟಾ ಅಂತಿದ್ರು, ನಾವು ಇವತ್ತಿಗೂ ಬುಟ್ಟಾ ಸೀರೆ ಅಂತೀವಲ್ಲ, ಅದೇ ಪದ. ಲಂಡನ್ನಿನ ಶ್ರೀಮಂತ ಹೆಂಗಸರಿಗೆ ಅದರ ಹುಚ್ಚು ಹಿಡೀತು, ಬೆಲೆ ಮಾತ್ರ ಕೈಗೆಟುಕೋ ಹಾಗಿರ್ಲಿಲ್ಲ. ಎಡಿನ್‌ಬರೋದಲ್ಲಿ, ನಾರಿಚ್‌ನಲ್ಲಿ ಮೊದಲು ಕಾಪಿ ಮಾಡಿದ್ರು, 1805ರ ಆಸುಪಾಸಲ್ಲಿ ಪೇಸ್ಲಿಯವರು ಶುರು ಮಾಡಿದ್ರು. ಇಲ್ಲಿನ ನೇಕಾರರು ಆಗ್ಲೇ ತೆಳ್ಳನೆ ರೇಷ್ಮೆ ಬಟ್ಟೆಯಲ್ಲಿ ಪಳಗಿದ ಕೈ, ಎಲ್ಲರನ್ನೂ ಹಿಂದೆ ಹಾಕಿದ್ರು. ಆಮೇಲೆ ಜಕಾರ್ಡ್ ಬಂತು, ತೂತು ಹೊಡೆದ ಕಾರ್ಡಿಂದ ಡಿಸೈನಿನ ಎಳೆ ಎತ್ತೋ ಯಂತ್ರ, ಅದಕ್ಕೂ ಮುಂಚೆ ಆ ಎಳೆ ಎತ್ತೋ ಹಗ್ಗ ಎಳೆಯೋಕೆ ಕೂರ್ತಿದ್ದ ಸಣ್ಣ ಹುಡುಗರ ಕೆಲಸ ಹೋಯ್ತು, ಡಿಸೈನ್ ಇನ್ನೂ ದೊಡ್ಡದಾಯ್ತು. 1842ರಲ್ಲಿ ವಿಕ್ಟೋರಿಯಾ ರಾಣಿನೇ ಇಲ್ಲಿನ ಶಾಲು ತರಿಸ್ಕೊಂಡ್ಳು, ಯಾಕಂದ್ರೆ ಆ ವರ್ಷಗಳಲ್ಲಿ ವ್ಯಾಪಾರ ಕುಸಿದು ಊರೇ ಸಾಲದಲ್ಲಿ ಮುಳುಗಿ ಜನ ಗಂಜಿಗೆ ಸಾಲು ನಿಂತಿದ್ರು.

ಹಂಗೆ ಕಾಶ್ಮೀರದ ಬೂಟಾಗೆ ಪೇಸ್ಲಿ ಅಂತ ಹೆಸರಾಯ್ತು. ಕಾಶ್ಮೀರದವರ ಗತಿ? ಒಂದೊಂದು ಶಾಲಿನ ಮೇಲೂ ತೆರಿಗೆ, ನೇಕಾರ ಊರು ಬಿಟ್ಟು ಹೋಗೋ ಹಾಗಿಲ್ಲ, ಕೆಲಸ ಬಿಡೋ ಹಾಗಿಲ್ಲ. 1865ರ ಏಪ್ರಿಲ್ 29ಕ್ಕೆ ಶ್ರೀನಗರದ ಜಾಲ್‌ದಗರ್‌ನಲ್ಲಿ ಅವರು ಮೆರವಣಿಗೆ ಹೊರಟಾಗ ಮಹಾರಾಜನ ಸೈನ್ಯ ಮೇಲೆ ಬಿತ್ತು, 28 ಜನ ಸತ್ರು, ಸುಮಾರು ಜನ ಸೇತುವೆಯಿಂದ ನೀರಿಗೆ ಬಿದ್ದು. ಪೇಸ್ಲಿ ಅನ್ನೋ ಪದ ಕೇಳಿದಾಗೆಲ್ಲ ಇದು ನನ್ನ ತಲೇಲಿ ಬರುತ್ತೆ. ಆದ್ರೆ ಇಲ್ಲಿನ ನೇಕಾರನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ನನ್ನಿಂದ ಆಗಲ್ಲ, ಅವನ ಕಥೆ ಕೇಳಿದ್ರೆ ನಿಮಗೂ ಆಗಲ್ಲ.

ಜುಲೈ ಮೊದಲ ಶನಿವಾರ ಇಲ್ಲಿ ಒಂದು ಹಬ್ಬ ನಡೆಯುತ್ತೆ, ಸ್ಮಾ ಶಾಟ್ ಡೇ ಅಂತ. ಸ್ಮಾ ಅಂದ್ರೆ ಇವರ ಭಾಷೇಲಿ ಸಣ್ಣದು. ಶಾಟ್ ಅಂದ್ರೆ ಲಾಳಿ ಒಂದು ಸಲ ಹಾಯ್ದಾಗ ಬೀಳೋ ಹೊಕ್ಕಿನ ಎಳೆ, ಅಂದ್ರೆ ಅಡ್ಡ ಎಳೆ. ಬಣ್ಣ ಬಣ್ಣದ ಶಾಲು ನೇಯುವಾಗ ಚಿತ್ರ ಕಾಣಿಸೋ ಎಳೆಗಳ ಮಧ್ಯೆ ಮಧ್ಯೆ ಒಂದು ತೆಳ್ಳನೆ ದಾರ ಹಾಯಿಸ್ಬೇಕು, ಅದು ಮೇಲೆ ಕಾಣೋದೇ ಇಲ್ಲ, ಆದ್ರೆ ಅದಿಲ್ಲದಿದ್ರೆ ಹಾಸಿನ, ಅಂದ್ರೆ ಉದ್ದ ಎಳೆಗಳ ಮೇಲೆ ಬಣ್ಣದ ಎಳೆ ನಿಲ್ಲಲ್ಲ, ಇಡೀ ಶಾಲು ಬಿಚ್ಕೊಂಡು ಹೋಗುತ್ತೆ. ಸಾಹುಕಾರರು ಏನಂದ್ರು ಅಂದ್ರೆ, ಕಾಣದೇ ಇರೋ ದಾರಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು. ದಾರ ನೇಕಾರನೇ ತನ್ನ ದುಡ್ಡಲ್ಲಿ ತಂದು ಹಾಕ್ಬೇಕು, ಅದನ್ನ ನೇಯ್ದ ಕೂಲಿನೂ ಇಲ್ಲ. ಇದಕ್ಕೋಸ್ಕರ ಇವರು ವರ್ಷಗಟ್ಟಲೆ ಜಗಳ ಆಡಿದ್ರು, ಚಾರ್ಲ್ಸ್‌ಟನ್ ಅನ್ನೋ ಕೇರಿಯ ಡ್ರಮ್ ಬಾರಿಸಿ ಬೀದಿ ಬೀದಿಯಿಂದ ಜನ ಸೇರಿಸಿದ್ರು, ಕೊನೆಗೆ 1856ರಲ್ಲಿ ಸಾಹುಕಾರರು ಒಪ್ಕೊಂಡ್ರು. ಇವತ್ತಿಗೂ ಅದೇ ಹೆಸರಿನ ಡ್ರಮ್ ಮುಂದೆ ಹೋಗುತ್ತೆ, ಹಿಂದೆ ಊರು, ಸಾಹುಕಾರನ ಬೊಂಬೆ ಮಾಡಿ ಸುಡ್ತಾರೆ. ರಾಜನ ವಿಜಯದ ಹಬ್ಬ ಪ್ರಪಂಚದಲ್ಲಿ ಎಲ್ಲಾ ಕಡೆ ಇದೆ. ಕಾಣದ ಒಂದು ಎಳೆಗೆ ಕೂಲಿ ಸಿಕ್ಕಿದ ಹಬ್ಬ ನಾನು ಇಲ್ಲಿ ಬಿಟ್ಟು ಬೇರೆ ಎಲ್ಲೂ ನೋಡಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ರು. ಹಳೇ ನೇಕಾರರ ಮನೆಗಳನ್ನ ಇಲ್ಲಿ ಹಂಗೇ ಉಳಿಸಿಟ್ಟಿದಾರೆ, ಸ್ಮಾ ಶಾಟ್ ಕಾಟೇಜಸ್ ಅಂತ, ಅಲ್ಲಿಗೆ ಕರ್ಕೊಂಡು ಹೋದೆ. ಬಾಗಿಲು ದಾಟಿ ಮಗ್ಗ ಕಂಡಿದ್ದೇ ತಡ ಅಮ್ಮ ಚಪ್ಪಲಿ ಬಿಟ್ರು. ನಾನು ಬೇಡಮ್ಮ, ಚಳಿ ಅಂದೆ, ಕೇಳ್ಲಿಲ್ಲ. ಗಾಜಿನೊಳಗಿದ್ದ ಶಾಲು ನೋಡಿ ಮೊದಲು ಕೇಳಿದ್ದೇ "ಹಿಂಬದಿ ತೋರಿಸ್ತಾರಾ ಕೇಳೇ". ನಮ್ಮಮ್ಮ ಅಂಗಡೀಲೂ ಅಷ್ಟೇ, ಸೀರೆ ತಿರುಗಿಸಿ ಹಿಂಬದಿ ನೋಡ್ದೆ ಬೆಲೆ ಕೇಳೋರೇ ಅಲ್ಲ. ಅಲ್ಲಿದ್ದ ವಯಸ್ಸಾದ ಹೆಂಗಸು, ದುಡ್ಡಿಲ್ದೆ ಸೇವೆ ಮಾಡೋರು, ಒಂದು ಹಳೇ ತುಂಡು ತಂದು ಮಗುಚಿ ಕೈಗೆ ಕೊಟ್ರು, ನಾನು ಸ್ಮಾ ಶಾಟ್ ಕಥೆ ಕನ್ನಡದಲ್ಲಿ ಹೇಳ್ದೆ. ಅಮ್ಮ ಉಗುರಲ್ಲಿ ಆ ಎಳೇನ ಮೆಲ್ಲಗೆ ಎಬ್ಬಿಸಿ ನೋಡಿ "ಕಾಣೋಕಲ್ಲ ಕಣೇ, ನಿಲ್ಲೋಕೆ ಹಾಕೋ ಎಳೆ ಇದು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮಂಗೂ ಯಾರೂ ಕೊಡ್ಲಿಲ್ಲ".

ಅಜ್ಜಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಕಂಡಿಕೆ, ಅಂದ್ರೆ ಲಾಳಿಯೊಳಗೆ ಇಡೋ ದಾರದ ಸುರುಳಿ, ಸುತ್ತೋರು. ಮಜೂರಿ ಲೆಕ್ಕ ಸೀರೆಗೆ ಇಷ್ಟು ಅಂತ, ಅದೂ ತಾತನ ಹೆಸರಿಗೆ. ಕಂಡಿಕೆ ಸುತ್ತಿದ್ದು, ಹಾಸು ಜೋಡಿಸಿದ್ದು, ಕಡಿದ ಎಳೆ ಗಂಟು ಹಾಕಿದ್ದು, ಇದ್ಯಾವ್ದೂ ಸಾಹುಕಾರನ ಪುಸ್ತಕದಲ್ಲಿ ಇರ್ಲಿಲ್ಲ. ಅಮ್ಮನೂ ಸ್ಕೂಲಿಗೆ ಹೋಗೋ ಮುಂಚೆ ಸುತ್ತಿ ಹೋಗೋರು. ಈಗ್ಲೂ ಕೈಮಗ್ಗದ ಮನೆಗಳಲ್ಲಿ ಹೆಂಗಸರ ಕೆಲಸ ಎಷ್ಟೋ ಕಡೆ ಹಿಂಗೇ ಲೆಕ್ಕಕ್ಕೇ ಸೇರಲ್ಲ.

ಪೇಸ್ಲಿಯ ಶಾಲೂ ಉಳೀಲಿಲ್ಲ. 1870ರ ದಶಕದಲ್ಲಿ ಸ್ಕರ್ಟಿನ ಹಿಂದೆ ಉಬ್ಬಿರೋ ಫ್ಯಾಷನ್ ಬಂತು, ಅದರ ಮೇಲೆ ಶಾಲು ಹೊದ್ದರೆ ಚೆಂದ ಕಾಣಲ್ಲ ಅಂತ ಬಿಟ್ರು, ಅಷ್ಟೇ, ಮುಗೀತು. ಊರು ಬದುಕಿದ್ದು ಹೊಲಿಗೆ ದಾರದಿಂದ. ನೆಪೋಲಿಯನ್ ಕಾಲದಲ್ಲಿ ರೇಷ್ಮೆ ಬರೋದು ನಿಂತಾಗ ಕ್ಲಾರ್ಕ್ ಅನ್ನೋ ಮನೆತನದವರು ಹತ್ತಿಯಲ್ಲೇ ನಯವಾದ ದಾರ ಮಾಡೋದು ಕಲಿತ್ರು, ಇನ್ನೊಂದು ಕಡೆ ಕೋಟ್ಸ್ ಮನೆತನ, 1896ರಲ್ಲಿ ಎರಡೂ ಒಂದಾಗಿ ಪ್ರಪಂಚಕ್ಕೆಲ್ಲ ದಾರ ಮಾರಿದ್ರು. ಕ್ಲಾರ್ಕ್ ಮಿಲ್ಲಿನ ಗುರುತು ಹಡಗಿನ ಲಂಗರು, ಇಂಗ್ಲಿಷಲ್ಲಿ ಆ್ಯಂಕರ್. ಅಕ್ಕ ತಂಗೀರೇ, ಸ್ಕೂಲಲ್ಲಿ ಎಂಬ್ರಾಯ್ಡರಿ ಕ್ಲಾಸಿಗೆ ಆ್ಯಂಕರ್ ದಾರದ ಲಡಿ ತಗೊಂಡಿದ್ದು ನೆನಪಿದ್ಯಾ, ಆರು ಎಳೇಲಿ ಎರಡೆಳೆ ಬಿಡಿಸ್ಕೊಂಡು ಲೇಜಿ ಡೇಜಿ ಹಾಕ್ತಿದ್ವಲ್ಲ? ಆ ಆ್ಯಂಕರ್ ಹೆಸರು ನಾನು ದಿನಾ ನೋಡೋ ಈ ನದಿ ದಡದ ಮಿಲ್ಲಿನದು. ಇದೇ ಕೋಟ್ಸ್ 1974ರಲ್ಲಿ ಮಧುರೈನ ಮಿಲ್ಲಿನ ಜೊತೆ ಸೇರಿ ಮದುರಾ ಕೋಟ್ಸ್ ಆಯ್ತು.

ಇಲ್ಲಿನ ಮಿಲ್ಲಲ್ಲಿ ಸಾವಿರಾರು ಜನ, ಅದರಲ್ಲಿ ಹೆಚ್ಚಿನವರು ಹುಡುಗೀರು. ಹೈ ಸ್ಟ್ರೀಟ್ ಚರ್ಚು, ನಕ್ಷತ್ರ ನೋಡೋ ಅಬ್ಸರ್ವೇಟರಿ, ಟೌನ್ ಹಾಲ್, ಎಲ್ಲದರ ಮೇಲೂ ಕೋಟ್ಸ್ ಅಥವಾ ಕ್ಲಾರ್ಕ್ ಹೆಸರಿದೆ, ಒಳ್ಳೇ ಕಟ್ಟಡಗಳು, ನಾನು ಇಲ್ಲ ಅನ್ನಲ್ಲ, ಆದ್ರೆ ದಾರ ಸುತ್ತಿದ ಹುಡುಗೀರ ಹೆಸರು ಹುಡುಕ್ಬೇಕು ಅಂದ್ರೆ ಹಳೇ ಮೈಲ್ ಎಂಡ್ ಮಿಲ್ಲಿನೊಳಗಿರೋ ಒಂದು ಪುಟ್ಟ ಮ್ಯೂಸಿಯಂಗೇ ಹೋಗ್ಬೇಕು. 1990ರ ದಶಕದ ಶುರುವಲ್ಲಿ ದಾರದ ಕೆಲಸ ಪೂರ್ತಿ ನಿಂತು ಹೋಯ್ತು. ಹ್ಯಾಮಿಲ್ಸ್ ಪಕ್ಕದ ದೊಡ್ಡ ಇಟ್ಟಿಗೆ ಮಿಲ್ಲು ಈಗ ಅಪಾರ್ಟ್‌ಮೆಂಟ್. ಇನ್ನೊಂದು ಮಿಲ್ಲಿದ್ದ ಫರ್ಗಸ್ಲಿ ಹೆಸರಿನ ಬಡಾವಣೆ 2012ರಲ್ಲೂ 2016ರಲ್ಲೂ ಸ್ಕಾಟ್ಲೆಂಡಿನ ಅತಿ ಹಿಂದುಳಿದ ಜಾಗ ಅಂತ ಸರ್ಕಾರದ ಪಟ್ಟಿಯಲ್ಲಿ ಬಂತು.

ಲಾ ಓದಿದವರಿಗೆ ಈ ಊರು ಇನ್ನೊಂದು ರೀತಿಲಿ ಗೊತ್ತಿರುತ್ತೆ, 1928ರಲ್ಲಿ ಇಲ್ಲಿನ ಕೆಫೆಯಲ್ಲಿ ಮೇ ಡಾನಹ್ಯೂ ಅನ್ನೋ ಬಡ ಹೆಂಗಸು ಕುಡಿದ ಜಿಂಜರ್ ಬಿಯರ್ ಬಾಟಲಲ್ಲಿ ಬಸವನಹುಳು ಸಿಕ್ತು ಅಂತ ಕೇಸ್ ಹಾಕಿ, 1932ರಲ್ಲಿ ತೀರ್ಪು ಬಂದು, ಮಾಲು ತಯಾರು ಮಾಡೋನು ಅದನ್ನ ಬಳಸೋರ ಬಗ್ಗೆ ಜವಾಬ್ದಾರಿಯಿಂದ ಇರ್ಬೇಕು ಅಂತಾಯ್ತಲ್ಲ, ನಮ್ಮ ಲಾ ಕಾಲೇಜುಗಳಲ್ಲೂ ಪಾಠ ಮಾಡೋ ಆ ಕೇಸು ಈ ಊರಿಂದೇ.

ಇವತ್ತಿನ ಹೈ ಸ್ಟ್ರೀಟಲ್ಲಿ ಬಾಗಿಲು ಹಾಕಿದ ಅಂಗಡಿಗಳಿವೆ. 1999ರಲ್ಲಿ ಬ್ರೇಹೆಡ್ ಮಾಲ್ ಆದ್ಮೇಲೆ ಜನ ಆ ಕಡೆ ಹೋದ್ರು. ಆದ್ರೂ ಊರು ಕೈ ಚೆಲ್ಲಿ ಕೂತಿಲ್ಲ, ಬ್ರಿಟನ್ನಿನ ಸಂಸ್ಕೃತಿ ನಗರ ಆಗೋಕೆ 2021ಕ್ಕೆ ಸ್ಪರ್ಧೆ ಮಾಡಿ ಕೊನೇ ಸುತ್ತಿನವರೆಗೂ ಹೋಯ್ತು, ಕವೆಂಟ್ರಿಗೆ ಸಿಕ್ತು. 2023ರಲ್ಲಿ ಟೌನ್ ಹಾಲ್ ರಿಪೇರಿ ಆಗಿ ತೆರೀತು, ಹೈ ಸ್ಟ್ರೀಟಲ್ಲೇ ಹೊಸ ಲೈಬ್ರರಿ ಬಂತು. ಸಂಜೆ ಆ ಲೈಬ್ರರಿಯಲ್ಲಿ ಮಕ್ಕಳು ತುಂಬಿರ್ತಾರೆ, ಅದನ್ನ ನೋಡೋಕೆ ನನಗೆ ತುಂಬಾ ಇಷ್ಟ.

ಆ ಲೈವ್ ಮಾಡೋ ಹುಡುಗಿಗೆ ನಾನು ಮೆಸೇಜ್ ಹಾಕ್ದೆ. ತಂಗೀ, ಮಾವಿನಕಾಯಿ ಅಂತಾನೇ ಹೇಳಮ್ಮ, ಬುಟ್ಟಾ ಅಂತ ಹೇಳು, ಕೇಳೋರಿಗೆ ಅರ್ಥ ಆಗುತ್ತೆ, ಪೇಸ್ಲಿ ಅನ್ನೋದು ಮಾರಿದ ಊರಿನ ಹೆಸರು, ಹುಟ್ಟಿಸಿದವರ ಹೆಸರಲ್ಲ. ಅದರ ಜೊತೆ ಸೀರೆ ಯಾರು ನೇಯ್ದಿದ್ದು, ಯಾವ ಊರು, ಕಂಡಿಕೆ ಯಾರು ಸುತ್ತಿದ್ದು ಅಂತಾನೂ ಒಂದು ಮಾತು ಹೇಳು ಅಂತ. ಮಾರನೇ ವಾರದ ಲೈವಲ್ಲಿ ಒಂದು ಸೀರೆ ಹಿಡಿದು ನೇಯ್ದವರ ಹೆಸರು ಹೇಳಿದ್ಲು, ಅವರ ಹೆಂಡತಿ ಹೆಸರೂ ಹೇಳಿದ್ಲು. ಆ ಸೀರೇನ ನಾನೇ ತಗೊಂಡೆ.

ಈ ಜುಲೈಗೆ ಅಮ್ಮ ಮತ್ತೆ ಬರ್ತಿದಾರೆ, ಹಬ್ಬದ ದಿನಕ್ಕೆ ಸರಿಯಾಗಿ. ಕಾಟೇಜಿನ ಆ ಹೆಂಗಸು ಹೋದ ಸಲ ನಿಮ್ಮ ಕಡೆ ಲಾಳಿ ಹೆಂಗಿರುತ್ತೆ ಅಂತ ಕೇಳಿದ್ರು, ಅದನ್ನ ಅಮ್ಮ ಮರೆತಿಲ್ಲ. ಅಟ್ಟದಿಂದ ತಾತನ ಲಾಳಿ ಇಳಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಹಳೇ ಪಂಚೆ ತುಂಡಲ್ಲಿ ಸುತ್ತಿಟ್ಟಿದಾರೆ. ಎರಡೂ ತುದಿಗೆ ಕಬ್ಬಿಣದ ಮೊನೆ ಇದೆಯಲ್ಲ, ಹ್ಯಾಂಡ್ ಬ್ಯಾಗಲ್ಲಿ ಬಿಡ್ತಾರಾ ಇಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕ್ಲಾ ಅಂತ ನೆನ್ನೆ ಫೋನ್ ಮಾಡಿ ಕೇಳ್ತಿದ್ರು.