ಸೊವೆಟೊದ ಮಕ್ಕಳು ಕೇಳಿದ್ದು ತಾಯ್ನುಡಿಯನ್ನಲ್ಲ

ಕಾಸರಗೋಡಿನಲ್ಲಿ ಕನ್ನಡದ ಹಕ್ಕಿಗಾಗಿ ನಡೆಯುವ ಸಭೆಗಳಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ವಸತಿ ಪ್ರದೇಶವಾದ ಸೊವೆಟೊದ ಮಾತು ಆಗಾಗ ಬರುತ್ತದೆ. 1976ರ ಜೂನ್ 16ರಂದು ಅಲ್ಲಿಯ ಶಾಲಾ ಮಕ್ಕಳು ಬಿಳಿಯ ಆಡಳಿತಗಾರರ ಭಾಷೆಯಾದ ಆಫ್ರಿಕಾನ್ಸ್‌ನ ಹೇರಿಕೆಯನ್ನು ವಿರೋಧಿಸಿ ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ಹೊರಟರು, ಪೊಲೀಸರು ಗುಂಡು ಹಾರಿಸಿದರು, ಹೆಕ್ಟರ್ ಪೀಟರ್ಸನ್ ಎಂಬ ಎಳೆಯ ಹುಡುಗ ಪ್ರಾಣ ಕಳೆದುಕೊಂಡ. ಇಷ್ಟನ್ನು ಹೇಳಿ, ತಾಯ್ನುಡಿಗಾಗಿ ಮಕ್ಕಳೇ ಪ್ರಾಣ ಕೊಟ್ಟರು, ನಾವೇನು ಮಾಡುತ್ತಿದ್ದೇವೆ ಎಂದು ಭಾಷಣಕಾರರು ಕೇಳಿದರೆ ಚಪ್ಪಾಳೆ ಬೀಳುತ್ತದೆ. ಮೊದಲಿನ ಸಂಗತಿಗಳೆಲ್ಲ ನಿಜ. ಆದರೆ ಆ ಮಕ್ಕಳು ಬೀದಿಗಿಳಿದದ್ದು ತಮ್ಮ ನುಡಿಗಳಾದ ಜುಲು, ಸೋತೋ ಅಥವಾ ಖೋಸಾ ಮಾಧ್ಯಮದ ಶಾಲೆ ಬೇಕೆಂದು ಅಲ್ಲ. ಆಫ್ರಿಕಾನ್ಸ್ ಬೇಡ ಎಂದ ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಇಂಗ್ಲಿಷ್. ತಾಯ್ನುಡಿಯ ಶಾಲೆಯನ್ನು ಅವರ ಹೆತ್ತವರು ಆಗಲೇ ಎರಡು ದಶಕ ಕಂಡಿದ್ದರು, ಅದರ ಬಗ್ಗೆ ಅವರಿಗೆ ಆಳವಾದ ಗುಮಾನಿ ಇತ್ತು. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಇರುಸುಮುರುಸಿನ ಸಂಗತಿ ಎಂಬ ಕಾರಣಕ್ಕೇ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕೆಂದು ನನಗೆ ಅನಿಸುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಾರ್ಟಿ, ಅದಾಗಲೇ ವಸಾಹತು ಆಡಳಿತ ಹಾಕಿಕೊಟ್ಟಿದ್ದ ಬೇಲಿಗಳನ್ನು ಕಾನೂನಿನ ಕಟ್ಟುನಿಟ್ಟಾದ ವ್ಯವಸ್ಥೆಯನ್ನಾಗಿ ಮಾಡಿತು. ಕಪ್ಪು ಜನರು ದೇಶದ ಬಹುಭಾಗದಲ್ಲಿ ಭೂಮಿ ಕೊಳ್ಳುವುದನ್ನು 1913ರ ಭೂ ಕಾಯ್ದೆಯೇ ನಿಷೇಧಿಸಿತ್ತು. 1950ರಲ್ಲಿ ಪ್ರತಿಯೊಬ್ಬನ ಜನಾಂಗವನ್ನು ದಾಖಲಿಸುವ ಕಾಯ್ದೆಯೂ, ಯಾವ ಜನಾಂಗ ಯಾವ ಬಡಾವಣೆಯಲ್ಲಿ ವಾಸಿಸಬೇಕೆಂಬ ಕಾಯ್ದೆಯೂ ಬಂದವು. ಇವುಗಳಿಗಿಂತ ಹೆಚ್ಚು ದೂರದ ಪರಿಣಾಮ ಮಾಡಿದ್ದು 1953ರ ಬಾಂಟು (ಆ ಸರಕಾರ ಕಪ್ಪು ಜನರಿಗೆ ಇಟ್ಟ ಹೆಸರು) ಶಿಕ್ಷಣ ಕಾಯ್ದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಕಪ್ಪು ಮಕ್ಕಳಲ್ಲಿ ಹೆಚ್ಚಿನವರು ಓದುತ್ತಿದ್ದದ್ದು ಮಿಷನ್ ಶಾಲೆಗಳಲ್ಲಿ, ನೆಲ್ಸನ್ ಮಂಡೇಲಾ ಕೂಡ ಅಂಥ ಶಾಲೆಯಿಂದಲೇ ಬಂದವರು. ಕಾಯ್ದೆಯ ಮೂಲಕ ಆ ಶಾಲೆಗಳು ಸರಕಾರದ ಹಿಡಿತಕ್ಕೆ ಬಂದವು, ಒಪ್ಪದ ಮಿಷನ್‌ಗಳಿಗೆ ಅನುದಾನ ನಿಂತಿತು. ಕಪ್ಪು ಜನರ ವ್ಯವಹಾರ ಖಾತೆಯ ಮಂತ್ರಿ ಹೆಂಡ್ರಿಕ್ ಫರ್ವೂರ್ಟ್ ಉದ್ದೇಶವನ್ನು ಮುಚ್ಚಿಡಲೂ ಇಲ್ಲ: ಕೆಲವು ಬಗೆಯ ದುಡಿಮೆಯ ಮಟ್ಟವನ್ನು ಮೀರಿ ಕಪ್ಪು ಮನುಷ್ಯನಿಗೆ ಬಿಳಿಯರ ಸಮಾಜದಲ್ಲಿ ಸ್ಥಾನವಿಲ್ಲ, ಆದ್ದರಿಂದ ಅವನ ಶಿಕ್ಷಣವೂ ಅಷ್ಟಕ್ಕೇ ತಕ್ಕಂತಿರಬೇಕು ಎಂಬುದು 1954ರಲ್ಲಿ ಅವನು ವಿವರಿಸಿದ ನೀತಿಯ ಸಾರ.

ಆ ಶಾಲೆಯ ಒಳಗೆ ಪ್ರಾಥಮಿಕ ಹಂತದ ಎಂಟು ವರ್ಷವೂ ಪಾಠ ನಡೆಯುತ್ತಿದ್ದದ್ದು ತಾಯ್ನುಡಿಯಲ್ಲಿ. ಕಾಗದದ ಮೇಲೆ ಓದಿದರೆ ನಮ್ಮ ಯಾವ ಕನ್ನಡ ಹೋರಾಟಗಾರನಿಗೂ ಇದರಲ್ಲಿ ತಪ್ಪು ಕಾಣದು. ಆಯಾ ಭಾಷೆಗೆ ಒಂದೊಂದು ಮಂಡಳಿ ಇತ್ತು, ಪಠ್ಯಪುಸ್ತಕಗಳು ತಯಾರಾಗುತ್ತಿದ್ದವು, ಪಾರಿಭಾಷಿಕ ಪದಗಳನ್ನು ಟಂಕಿಸಲಾಗುತ್ತಿತ್ತು. ಆದರೆ ಚಿಕ್ಕ ತರಗತಿಗಳು ಪಾಳಿಯ ಮೇಲೆ ನಡೆಯುತ್ತಿದ್ದವು. ಬೆಳಗ್ಗೆ ಒಂದು ತಂಡಕ್ಕೆ ಮೂರು ಗಂಟೆಯ ಪಾಠ ಮಾಡಿ ಕಳುಹಿಸಿದ ಅದೇ ಅಧ್ಯಾಪಕಿ, ಅದೇ ಕೋಣೆಯಲ್ಲಿ ಇನ್ನೊಂದು ತಂಡಕ್ಕೆ ಮತ್ತೆ ಮೂರು ಗಂಟೆಯ ಪಾಠ ಮಾಡಬೇಕಿತ್ತು. ಬಿಳಿಯ ವಿದ್ಯಾರ್ಥಿಗೆ ಸರಕಾರ ಖರ್ಚು ಮಾಡುತ್ತಿದ್ದ ಹಣ 1970ರ ದಶಕದ ಮೊದಲ ಭಾಗದಲ್ಲಿ ಕಪ್ಪು ವಿದ್ಯಾರ್ಥಿಯ ಪಾಲಿಗಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು. ಎಂಟು ವರ್ಷ ತಾಯ್ನುಡಿಯಲ್ಲಿ ಓದಿ ಹೊರಬಂದ ಹುಡುಗನಿಗೆ ಆ ಭಾಷೆಯಲ್ಲಿ ಮುಂದೆ ಯಾವ ಬಾಗಿಲೂ ಇರಲಿಲ್ಲ. ಆಫ್ರಿಕಾನ್ಸ್ ಅನ್ನೂ ಪಾಠದ ಮಾಧ್ಯಮವಾಗಿ ಕಡ್ಡಾಯ ಮಾಡಿದ ಸರಕಾರದ 1974ರ ಆದೇಶ ಬಂದಾಗ ಗಣಿತ ಮತ್ತು ಸಮಾಜ ಪಾಠ ಆಫ್ರಿಕಾನ್ಸ್‌ಗೆ, ವಿಜ್ಞಾನ ಇಂಗ್ಲಿಷಿಗೆ ಹೋದವು, ತಾಯ್ನುಡಿಗೆ ಉಳಿದದ್ದು ಧರ್ಮಬೋಧೆ, ಸಂಗೀತ ಮತ್ತು ವ್ಯಾಯಾಮ. ಒಂದು ಭಾಷೆಯ ಬಗ್ಗೆ ಅದನ್ನಾಡುವವರಲ್ಲೇ ತಾತ್ಸಾರ ಹುಟ್ಟಿಸಲು ಇದಕ್ಕಿಂತ ಸಮರ್ಥವಾದ ವೇಳಾಪಟ್ಟಿಯನ್ನು ಯಾರೂ ಬರೆಯಲಾರರು.

ತಾಯ್ನುಡಿಯ ಮೇಲಿನ ಈ ಪ್ರೀತಿ ಸರಕಾರಕ್ಕೆ ಎಲ್ಲಿಂದ ಬಂತು ಎಂದರೆ, ಜನರನ್ನು ಒಡೆಯುವ ಲೆಕ್ಕದಿಂದ. ಕಪ್ಪು ಜನರು ಒಂದೇ ರಾಷ್ಟ್ರವಲ್ಲ, ಭಾಷೆಗೊಂದರಂತೆ ಬೇರೆ ಬೇರೆ ಬುಡಕಟ್ಟುಗಳು ಎಂದು ತೋರಿಸಿ ಅವರಿಗಾಗಿ ಹತ್ತು 'ತಾಯ್ನಾಡು'ಗಳನ್ನು ಗುರುತಿಸಲಾಯಿತು. ತಾನು ಎಂದೂ ನೋಡದ ತುಂಡು ನೆಲದ ಪೌರನೆಂದು ನಗರದಲ್ಲಿ ಹುಟ್ಟಿ ಬೆಳೆದವನನ್ನೂ ಬರೆದುಕೊಳ್ಳಲಾಯಿತು. 1960ರಿಂದ ರೇಡಿಯೊ ಕೂಡ ಭಾಷೆಗೊಂದು ಎಂಬಂತೆ ಒಡೆಯಿತು. ಇದಕ್ಕೆ ಬೇಕಾದ ವರ್ಗೀಕರಣವನ್ನು ಎಷ್ಟೋ ಕಡೆ ಮೊದಲೇ ಮಾಡಿಟ್ಟವರು ಮಿಷನರಿಗಳು. ಒಂದರೊಳಗೊಂದು ಬೆರೆತಿದ್ದ ಆಡುಮಾತುಗಳಿಂದ ತ್ಸೋಂಗಾ ಎಂಬ ಬರಹದ ಭಾಷೆಯನ್ನು ರೂಪಿಸಿದವರಲ್ಲಿ ಸ್ವಿಸ್ ಮಿಷನರಿಗಳು ಮುಖ್ಯರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಕೂಡ ಸ್ವಿಟ್ಜರ್ಲೆಂಡಿನದೇ. ಅವರ ಅಚ್ಚುಕೂಟದಿಂದಲೂ ನಿಘಂಟಿನಿಂದಲೂ ಕನ್ನಡಕ್ಕೆ ಆದ ಉಪಕಾರವನ್ನು ನಾವು ಕೊಂಡಾಡುತ್ತೇವೆ, ಅದು ಸರಿಯೇ. ಅಂಥದೇ ವಿದ್ವತ್ತು ಅಲ್ಲಿ ಬೇಲಿಯ ಗೂಟವಾಯಿತೆಂಬುದೂ ನೆನಪಿರಬೇಕು.

ಇನ್ನು ಆಫ್ರಿಕಾನ್ಸ್. ಬಿಳಿಯ ರಾಷ್ಟ್ರೀಯವಾದಿಗಳು ತಮ್ಮ ಜನಾಂಗದ ಸ್ವತ್ತೆಂದು ಮೆರೆಸಿದ ಈ ಭಾಷೆ ಡಚ್ ವಸಾಹತಿನ ಅಡುಗೆಮನೆಗಳಲ್ಲಿ, ಹೊಲಗಳಲ್ಲಿ, ಗುಲಾಮರ ಬಾಯಲ್ಲೂ ರೂಪುಗೊಂಡದ್ದು. ಆ ಗುಲಾಮರಲ್ಲಿ ಬಂಗಾಳದಿಂದಲೂ, ಕೋರಮಂಡಲ ಮತ್ತು ಮಲಬಾರ್ ಕರಾವಳಿಯಿಂದಲೂ ಒಯ್ದವರಿದ್ದರು. 19ನೆಯ ಶತಮಾನದಲ್ಲಿ ಕೇಪ್‌ಟೌನಿನ ಮುಸ್ಲಿಮರು ಆಫ್ರಿಕಾನ್ಸ್ ಅನ್ನು ಅರಬ್ಬಿ ಲಿಪಿಯಲ್ಲಿ ಬರೆದು ತಮ್ಮ ಮಕ್ಕಳಿಗೆ ಧರ್ಮದ ಪಾಠ ಹೇಳುತ್ತಿದ್ದರು. ಮೊಗ್ರಾಲಿನ ಮಾಪ್ಪಿಳ ಹಾಡುಗಳನ್ನು ಕೇಳಿ, ಅರಬ್ಬಿ ಮಲಯಾಳದ ಹಳೆಯ ಪುಸ್ತಕಗಳನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲರೂ ಸೇರಿ ಕಟ್ಟಿದ ನುಡಿಗೆ ಒಬ್ಬನೇ ವಾರಸುದಾರನನ್ನು ಹೆಸರಿಸಿ, ಅದನ್ನೇ ಉಳಿದವರ ಮೇಲೆ ಲಾಠಿಯಂತೆ ಬೀಸಿದ್ದು ಆ ಆಡಳಿತದ ಸಾಧನೆ.

1996ರ ಸಂವಿಧಾನ ಅಲ್ಲಿ ಹನ್ನೊಂದು ಭಾಷೆಗಳಿಗೆ ಅಧಿಕೃತ ಮಾನ್ಯತೆ ಕೊಟ್ಟಿತು. ಆದರೂ ಆ ನಂತರದ ದಶಕಗಳಲ್ಲೂ ಕಪ್ಪು ಮಕ್ಕಳ ಶಾಲೆಗಳಲ್ಲಿ ಹೆಚ್ಚಿನವು ನಾಲ್ಕನೆಯ ತರಗತಿಗೆ ಬರುವಾಗ ಇಂಗ್ಲಿಷಿಗೆ ಹೊರಳುತ್ತಿದ್ದವು, ಹೆತ್ತವರಲ್ಲೂ ಹೆಚ್ಚಿನವರು ಅದನ್ನೇ ಬಯಸುತ್ತಿದ್ದರು. ಕಾನೂನು ರದ್ದಾದರೂ ಗುಮಾನಿ ರದ್ದಾಗಲಿಲ್ಲ.

ಕಾಸರಗೋಡಿನ ಪರಿಸ್ಥಿತಿಯನ್ನು ಇದರೊಂದಿಗೆ ತೂಗುವುದು ಅನ್ಯಾಯ, ಹಾಗೆ ತೂಗುವವರ ಜೊತೆ ನಾನಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಸೇರಿದ್ದರ ಬಗ್ಗೆ ನೋವಿದೆ. 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆಯ ಬಗ್ಗೆ ನಾವು ಎತ್ತಿದ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ನಮಗೆ ಮತವಿದೆ, ಕೋರ್ಟಿದೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣ ಒದಗಿಸಲು ಹೇಳುವ ಸಂವಿಧಾನದ 350ಎ ವಿಧಿಯಿದೆ. ಯಾವ ಶಾಲೆ ಬೇಕೆಂದು ಆರಿಸುವವರು ನಾವೇ.

'ನಾವೇ' ಎಂದಾಗ ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ತರಗತಿಯೊಂದಕ್ಕೆ ಹೋದರೆ, ಒಂದೇ ಬೆಂಚಿನಲ್ಲಿ ಕೂತ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಬ್ಯಾರಿ ಹೀಗೆ ಬೇರೆ ಬೇರೆ ಮಾತಾಡುವವರು. ಅವರೆಲ್ಲರಿಗೂ ಕನ್ನಡ ಓದಿನ ಭಾಷೆಯಾದದ್ದು ತಲೆಮಾರುಗಳ ರೂಢಿಯಿಂದ. ಆದಿವಾಸಿ ಸಮುದಾಯವಾದ ಕೊರಗರ ಮಗುವಿಗೆ ಆ ರೂಢಿಯ ಆಸರೆಯೂ ಇಲ್ಲ. ಉಗುಳಲು ಕೊರಳಿಗೆ ಕರಟ ಕಟ್ಟಿಕೊಂಡು ದಾರಿಯಲ್ಲಿ ನಡೆಯಬೇಕಿದ್ದ ಕೊರಗರ ಬಗ್ಗೆ 19ನೆಯ ಶತಮಾನದ ಬರಹಗಳಲ್ಲಿ ವಿವರಗಳಿವೆ. ಆ ಬೇಲಿ ಹಾಕಿದವರು ಬ್ರಿಟಿಷರಲ್ಲ, ನಾವು. ಸರಕಾರಿ ಶಾಲೆ ಇದ್ದೂ ದಲಿತ ಮಕ್ಕಳಿಗಾಗಿ ಸಮಾಜ ಸುಧಾರಕ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಬೇರೆ ಶಾಲೆ ತೆರೆಯಬೇಕಾಯಿತು. ಬ್ರಿಟಿಷರು ಅದರ ಮೇಲೆ ತಮ್ಮದೊಂದು ಮೆಟ್ಟಿಲು ಸೇರಿಸಿದರು: ಭಾರತದ ಶಿಕ್ಷಣದ ಬಗ್ಗೆ ಬ್ರಿಟಿಷ್ ಆಡಳಿತಗಾರ ಚಾರ್ಲ್ಸ್ ವುಡ್ 1854ರಲ್ಲಿ ಮಾಡಿದ ಶಿಫಾರಸಿನಂತೆ ಜನಸಾಮಾನ್ಯರಿಗೆ ದೇಶಭಾಷೆ, ಮೇಲಕ್ಕೆ ಹೋಗುವವರಿಗೆ ಇಂಗ್ಲಿಷ್.

ಆ ಮೆಟ್ಟಿಲು ಇನ್ನೂ ಅಲ್ಲೇ ಇದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಮ್ಮ ಹುಡುಗಿ ಪ್ಲಸ್ ಒನ್‌ಗೆ ಕಾಲಿಟ್ಟ ದಿನವೇ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕು. ಅದಕ್ಕಾಗಿ ಅವಳನ್ನು ಯಾರೂ ಸಿದ್ಧಪಡಿಸಿರುವುದಿಲ್ಲ. ನಾವು ಬರೆಯುವ ಮನವಿಗಳಲ್ಲಿ ನಾಮಫಲಕದ ಕನ್ನಡ ಮೊದಲನೆಯ ಬೇಡಿಕೆಯಾಗಿರುತ್ತದೆ, ಪ್ಲಸ್ ಟು ಪಾಠಗಳ ಕನ್ನಡ ಪುಸ್ತಕ ಕೊನೆಯಲ್ಲಿ ಎಲ್ಲೋ ಇರುತ್ತದೆ. ಐದನೆಯ ತರಗತಿಯಿಂದಲೇ ಕನ್ನಡ ಶಾಲೆಯಲ್ಲಿ ಒಳ್ಳೆಯ ಇಂಗ್ಲಿಷ್ ಅಧ್ಯಾಪಕರು ಬೇಕೆಂಬುದಂತೂ ಇರುವುದೇ ಇಲ್ಲ. ಈ ಎರಡನ್ನೂ ಮೊದಲು ಬರೆಯಬೇಕೆಂದು ನಾನು ಹೇಳಿದಾಗ ಕನ್ನಡಕ್ಕೆ ದ್ರೋಹ ಎಂದವರಿದ್ದಾರೆ. ಅವರಲ್ಲಿ ಹೆಚ್ಚಿನವರ ಮಕ್ಕಳು ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ.